ಬೆಳ್ಳಗಿರುವ ಮೂಳೆಯೆಲ್ಲ ಗಟ್ಟಿಯಲ್ಲ

(ಅಪರೂಪದ ಚಯಾಪಚಯ ಕಾಯಿಲೆಗಳಲ್ಲಿ, ಅಂದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳು ಕೆಟ್ಟು ಬರುವ ಕಾಯಿಲೆಗಳಲ್ಲಿ, ಮೂಳೆಯ ಬಲವನ್ನು ಅಳೆಯುವ ಬಗ್ಗೆ ಕೊಟ್ಟ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಗೆ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಒಂದು ಪ್ರಯೋಗದಿಂದಲೇ ಶುರು ಮಾಡೋಣ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 1990ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮುಟ್ಟು ನಿಂತು, ಮೂಳೆ ಸವೆದು, ಬೆನ್ನುಮೂಳೆಯ ಬಿಲ್ಲೆಗಳು ಆಗಲೇ ಕುಸಿದಿದ್ದ 202 ಹೆಂಗಸರನ್ನು ಆರಿಸಿಕೊಂಡಿದ್ದರು. ಅರ್ಧ ಜನಕ್ಕೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್, ಉಳಿದವರಿಗೆ ಹುಸಿ ಮಾತ್ರೆ. ಕ್ಯಾಲ್ಸಿಯಂ ಮಾತ್ರ ಎಲ್ಲರಿಗೂ. ನಾಲ್ಕು ವರ್ಷ ಕಳೆದ ಮೇಲೆ ಸ್ಕ್ಯಾನ್ ಮಾಡಿದರೆ ಫ್ಲೋರೈಡ್ ತಗೊಂಡವರ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತ್ತು. ಅಷ್ಟು ಏರಿಕೆ ಕಂಡರೆ ಯಾವ ವೈದ್ಯನಿಗೂ ಕುಣಿಯೋಣ ಅನಿಸಬೇಕು. ಆದರೆ ಮುರಿದ ಮೂಳೆಗಳನ್ನು ಎಣಿಸಿದಾಗ ಲೆಕ್ಕವೇ ಬೇರೆಯಾಯಿತು. ಬೆನ್ನುಮೂಳೆಯ ಮುರಿತ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಬೆನ್ನುಮೂಳೆ ಬಿಟ್ಟು ಬೇರೆ ಮೂಳೆಗಳ ಮುರಿತ ಹುಸಿ ಮಾತ್ರೆಯವರಲ್ಲಿ 24, ಫ್ಲೋರೈಡಿನವರಲ್ಲಿ 72. ಅಂಕಿ ಮೇಲೇರಿತು, ಮೂಳೆ ಮುರಿಯಿತು.

ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯವರು ಇಲ್ಲಿದ್ದರೆ ಅವರಿಗೆ ಇದರಲ್ಲಿ ಆಶ್ಚರ್ಯ ಕಾಣಲಿಕ್ಕಿಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದೇ ವಯಸ್ಸಾದವರ ಎಕ್ಸ್-ರೇ ತೆಗೆದರೆ ಮೂಳೆ ಬೆಳ್ಳಗೆ, ತುಂಬಿಕೊಂಡು ಕಾಣುತ್ತದೆ. ಆ ಮನುಷ್ಯನಿಗೆ ಮಾತ್ರ ಬೆನ್ನು ಬಗ್ಗಿಸಲಾಗುವುದಿಲ್ಲ, ಕುತ್ತಿಗೆ ತಿರುಗಿಸಲಾಗುವುದಿಲ್ಲ. ಮೂಳೆಯ ಖನಿಜದ ಹರಳಿನೊಳಗೆ ಫ್ಲೋರೈಡ್ ಹೋಗಿ ಕೂತಾಗ ಹರಳು ದೊಡ್ಡದಾಗುತ್ತದೆ, ಪಕ್ಕದ ಕೊಲಾಜೆನ್ ನಾರಿನೊಂದಿಗೆ ಅದರ ಹೆಣಿಗೆ ಕೆಡುತ್ತದೆ. ಕುಡಿಯುವ ನೀರಿನ ಲೀಟರಿನಲ್ಲಿ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದು ಎನ್ನುವ ಮಿತಿಯ ಹಿಂದೆ ಇರುವುದು ಇಂಥ ತೊಂದರೆಗಳೇ.

ಫ್ಲೋರೈಡಿನಿಂದ ಬರುವ ಈ ಫ್ಲೋರೋಸಿಸ್ ಅಪರೂಪದ ಕಾಯಿಲೆಯಲ್ಲ, ನಮ್ಮ ದುರದೃಷ್ಟಕ್ಕೆ. ಆದರೂ ಅದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಮೂಳೆಯಲ್ಲಿ ಎಷ್ಟು ಖನಿಜವಿದೆ ಎನ್ನುವುದು ಒಂದು ಪ್ರಶ್ನೆ, ಅದು ಎಷ್ಟು ಭಾರಕ್ಕೆ ಮುರಿಯುತ್ತದೆ ಎನ್ನುವುದು ಇನ್ನೊಂದು. ಸಾಮಾನ್ಯ ವಯೋಸಹಜ ಸವೆತದಲ್ಲಿ ಮೊದಲ ಪ್ರಶ್ನೆಯ ಉತ್ತರದಿಂದ ಎರಡನೆಯದನ್ನು ತಕ್ಕಮಟ್ಟಿಗೆ ಊಹಿಸಬಹುದು. ಅಪರೂಪದ ಚಯಾಪಚಯ ಕಾಯಿಲೆಗಳಲ್ಲಿ ಆ ಊಹೆ ಕೈಕೊಡುತ್ತದೆ, ಕೆಲವೊಮ್ಮೆ ರೋಗಿಗೆ ಅಪಾಯ ತರುವಷ್ಟು. ಬಳಪ ನೋಡಿ. ಅದರಲ್ಲಿ ಖನಿಜಕ್ಕೇನೂ ಕೊರತೆಯಿಲ್ಲ, ಒಂದನೇ ಕ್ಲಾಸಿನ ಮಗುವಿನ ಕೈಯಲ್ಲೂ ಟಕ್ಕಂತ ಮುರಿಯುತ್ತದೆ. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ, ಉಳಿದದ್ದು ಮುಖ್ಯವಾಗಿ ಕೊಲಾಜೆನ್ ಮತ್ತು ನೀರು. ಬಾಗಿಯೂ ಮುರಿಯದಿರುವ ಗುಣ ಬರುವುದು ಕೊಲಾಜೆನ್ನಿನಿಂದ, ಮತ್ತು ಹಳೆಯದನ್ನು ಅಗೆದು ಹೊಸದನ್ನು ಕಟ್ಟುತ್ತಲೇ ಇರುವ ಕೋಶಗಳಿಂದ.

ಈಗ ಯಂತ್ರದ ವಿಷಯ. ಮೂಳೆಯ ಖನಿಜ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಸ್ಕ್ಯಾನ್ 1987ರ ಸುಮಾರಿಗೆ ಬಳಕೆಗೆ ಬಂತು. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ಕಿರಣಗಳನ್ನು ಮೈಯೊಳಗೆ ಹಾಯಿಸಿ, ಮಾಂಸ ತಡೆದದ್ದೆಷ್ಟು, ಮೂಳೆ ತಡೆದದ್ದೆಷ್ಟು ಎಂದು ಕಳೆದು ಲೆಕ್ಕ ಹಾಕುತ್ತದೆ. ಕಿರಣದ ಪ್ರಮಾಣ ಬಹಳ ಕಮ್ಮಿ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಒಳ್ಳೆಯ ಯಂತ್ರ. ನನ್ನ ತಕರಾರು ಯಂತ್ರದ ಮೇಲಲ್ಲ, ಅದು ಕೊಡುವ ಅಂಕಿಯನ್ನು ನಾವು ಓದುವ ರೀತಿಯ ಮೇಲೆ. ಅದು ಕೊಡುವುದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂದು. ಘನ ಸೆಂಟಿಮೀಟರಿಗೆ ಅಲ್ಲ, ಗಮನಿಸಿ. ಯಂತ್ರಕ್ಕೆ ಕಾಣುವುದು ಮೂಳೆಯ ನೆರಳು, ಅದರ ದಪ್ಪ ಕಾಣುವುದಿಲ್ಲ.

ಇದರಿಂದಾಗುವ ಎಡವಟ್ಟನ್ನು ಕಾಗದದ ಮೇಲೇ ತೋರಿಸುತ್ತೇನೆ. ಎರಡು ಘನಾಕೃತಿಯ ಮೂಳೆತುಂಡು ಅಂದುಕೊಳ್ಳಿ, ಒಂದರ ಬದಿ 2 ಸೆಂಟಿಮೀಟರ್, ಇನ್ನೊಂದರದು 3. ಎರಡರಲ್ಲೂ ಘನ ಸೆಂಟಿಮೀಟರಿಗೆ 0.3 ಗ್ರಾಂ ಖನಿಜ, ಅಂದರೆ ನಿಜವಾದ ಸಾಂದ್ರತೆ ಒಂದೇ. ಚಿಕ್ಕದರಲ್ಲಿ ಒಟ್ಟು 2.4 ಗ್ರಾಂ, ನೆರಳು 4 ಚದರ ಸೆಂಟಿಮೀಟರ್; ಯಂತ್ರ 0.6 ಎನ್ನುತ್ತದೆ. ದೊಡ್ಡದರಲ್ಲಿ 8.1 ಗ್ರಾಂ, ನೆರಳು 9 ಚದರ ಸೆಂಟಿಮೀಟರ್, ಯಂತ್ರ 0.9 ಎನ್ನುತ್ತದೆ. ಗಾತ್ರ ಚಿಕ್ಕದು ಎನ್ನುವ ಒಂದೇ ಕಾರಣಕ್ಕೆ ಮೂರನೇ ಒಂದು ಭಾಗ ಕಡಿತ! ಈಗ ಹತ್ತು ವರ್ಷವಾಗಿ ಆರು ವರ್ಷದ ಮಗುವಿನಷ್ಟೇ ಎತ್ತರವಿರುವ ಮಗುವನ್ನು ಹತ್ತು ವರ್ಷದ ಮಕ್ಕಳ ಕೋಷ್ಟಕಕ್ಕೆ ಹೋಲಿಸಿದರೆ ಏನಾಗುತ್ತದೆ ಹೇಳಿ. ಚಯಾಪಚಯ ಕಾಯಿಲೆಯ ಮಕ್ಕಳಲ್ಲಿ ಹಲವರು ಕುಳ್ಳಗೇ ಇರುತ್ತಾರೆ. ಇವರ ರಿಪೋರ್ಟಿನಲ್ಲಿ ಅಂಕಿಯನ್ನು ಎತ್ತರಕ್ಕೆ ಸರಿದೂಗಿಸಲೇಬೇಕು. ಬೆನ್ನುಮೂಳೆಗೆ ಒಂದು ಸುಲಭ ದಾರಿ, ಖನಿಜದ ತೂಕವನ್ನು ನೆರಳಿನ ವಿಸ್ತೀರ್ಣದ ಒಂದೂವರೆ ಘಾತದಿಂದ ಭಾಗಿಸುವುದು. ಮೇಲಿನ ಎರಡೂ ತುಂಡಿಗೆ ಹಾಗೆ ಮಾಡಿ ನೋಡಿ, ಎರಡಕ್ಕೂ 0.3 ಬರುತ್ತದೆ.

ಇನ್ನು ಟಿ-ಸ್ಕೋರ್. ಮೈನಸ್ 2.5ಕ್ಕೆ ಇಳಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ, ಎನ್ನುವ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದದ್ದು ಮುಟ್ಟು ನಿಂತ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು. ಟಿ-ಸ್ಕೋರ್ ಎಂದರೆ ಹರೆಯದ ಗಟ್ಟಿ ಮೂಳೆಯೊಂದಿಗೆ ಹೋಲಿಕೆ. ಮಗುವಿಗೆ ಅದನ್ನು ಹಾಕುವುದು ತಪ್ಪು, ಅವರಿಗೆ ಒಂದೇ ವಯಸ್ಸಿನವರೊಂದಿಗೆ ಹೋಲಿಸುವ ಝಡ್-ಸ್ಕೋರ್ ಇದೆ. ಹಾಗಿದ್ದೂ ಹನ್ನೆರಡು ವರ್ಷದ ಹುಡುಗಿಯ ರಿಪೋರ್ಟಿನಲ್ಲಿ ಕೆಂಪು ಅಕ್ಷರದಲ್ಲಿ ‘ಆಸ್ಟಿಯೊಪೊರೋಸಿಸ್’ ಎಂದು ಅಚ್ಚಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ಸಾಫ್ಟ್‌ವೇರಿಗೆ ಯಾರೋ ವಯಸ್ಸಿನ ಸೆಟ್ಟಿಂಗ್ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಇಷ್ಟೆಲ್ಲ ಸರಿಮಾಡಿಕೊಂಡರೂ ಕಾಯಿಲೆ ತನ್ನ ಆಟ ಆಡುತ್ತದೆ. 1904ರಲ್ಲಿ ಹ್ಯಾಂಬರ್ಗಿನ ಆಲ್ಬರ್ಸ್-ಶೋನ್‌ಬರ್ಗ್ ಎನ್ನುವ ವೈದ್ಯರು ಎಕ್ಸ್-ರೇಯಲ್ಲಿ ಅಮೃತಶಿಲೆಯಂತೆ ಕಂಡ ಮೂಳೆಗಳನ್ನು ವರ್ಣಿಸಿದರು. ಇಂದು ಅದನ್ನು ಆಸ್ಟಿಯೊಪೆಟ್ರೋಸಿಸ್ ಎನ್ನುತ್ತೇವೆ. ಹಳೆಯ ಮೂಳೆಯನ್ನು ಅಗೆಯುವ ಆಸ್ಟಿಯೊಕ್ಲಾಸ್ಟ್ ಕೋಶ ಕೆಲಸ ಮಾಡುವುದಿಲ್ಲ. ಸಣ್ಣ ಬಿರುಕು ಬಿಟ್ಟಲ್ಲಿ ಅಗೆದು ತೆಗೆಯುವವರಿಲ್ಲ, ಹಾಗಾಗಿ ರಿಪೇರಿಯೂ ಇಲ್ಲ. ಡೆಕ್ಸಾದಲ್ಲಿ ಅಂಕಿ ಆಕಾಶ ಮುಟ್ಟುತ್ತದೆ, ತೊಡೆಮೂಳೆ ಮಾತ್ರ ಸಣ್ಣ ಪೆಟ್ಟಿಗೆ ಅಡ್ಡಡ್ಡ ಮುರಿಯುತ್ತದೆ. ಅದರ ಪಕ್ಕದಲ್ಲಿ ಸ್ಕ್ಲಿರೋಸ್ಟಿಯೋಸಿಸ್ ಇಟ್ಟು ನೋಡಿ. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಕುಟುಂಬಗಳಲ್ಲಿ ಹೆಚ್ಚಾಗಿ ಕಂಡ ಕಾಯಿಲೆ ಅದು. ಮೂಳೆ ಕಟ್ಟುವುದಕ್ಕೆ ಕಡಿವಾಣ ಹಾಕುವ ಸ್ಕ್ಲಿರೋಸ್ಟಿನ್ ಎಂಬ ಪ್ರೋಟೀನ್ ಅವರಲ್ಲಿ ಇರುವುದಿಲ್ಲ. ಅಲ್ಲೂ ಅಂಕಿ ಆಕಾಶಕ್ಕೇ, ಆದರೆ ಮೂಳೆ ಮುರಿಯುವುದು ತೀರಾ ವಿರಳ. ತಲೆಬುರುಡೆ ದಪ್ಪವಾಗಿ ನರ ಒತ್ತಿ ಕಿವಿ ಕೇಳದಾಗುವುದು ಅವರ ಸಂಕಟ. ಈ ಕಾಯಿಲೆಯನ್ನು ಅರ್ಥ ಮಾಡಿಕೊಂಡದ್ದರಿಂದಲೇ ರೋಮೊಸೊಝುಮಾಬ್ ಎನ್ನುವ ಔಷಧ ಹುಟ್ಟಿತು, 2019ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಬ್ಬರ ಸ್ಕ್ಯಾನ್ ಅಂಕಿಯನ್ನಷ್ಟೇ ಕೊಟ್ಟು ಯಾರ ಮೂಳೆ ಮುರಿಯುತ್ತದೆ ಎಂದು ಕೇಳಿದರೆ ಯಾರಿಂದಲೂ ಹೇಳಲಾಗದು.

ನಾನು ಇವತ್ತು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಎಕ್ಸ್‌ಎಲ್‌ಎಚ್ (ಎಕ್ಸ್-ಲಿಂಕ್ಡ್ ಹೈಪೊಫಾಸ್ಫಟೇಮಿಯಾ) ಎನ್ನುವ ಕಾಯಿಲೆಯ ಬಳಿ. ಸುಮಾರು 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಎಕ್ಸ್ ವರ್ಣತಂತುವಿನ ಮೇಲಿರುವ ಫೆಕ್ಸ್ ಎಂಬ ಜೀನ್ ಕೆಟ್ಟಿರುತ್ತದೆ. ಅದರಿಂದ ಎಫ್‌ಜಿಎಫ್-23 ಎಂಬ ಹಾರ್ಮೋನು ಮಿತಿಮೀರಿ, ಮೂತ್ರಪಿಂಡ ಫಾಸ್ಫೇಟನ್ನು ಮೂತ್ರದಲ್ಲಿ ಹೊರಗೆ ಚೆಲ್ಲುತ್ತದೆ. ಮಗು ನಡೆಯಲು ಕಲಿತ ಮೇಲೆ ಕಾಲು ಬಾಗುತ್ತದೆ. ಮಕ್ಕಳ ಮೂಳೆ ಹೀಗೆ ಮೆತ್ತಗಾಗಿ ಬಾಗುವುದೇ ರಿಕೆಟ್ಸ್, ರಿಕೆಟ್ಸ್ ಅಂದಾಕ್ಷಣ ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ವಿಟಮಿನ್ ಡಿ. ಆರು ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಒಂದಾದ ಮೇಲೊಂದು ಕೊಟ್ಟರೂ ಕಾಲು ನೆಟ್ಟಗಾಗುವುದಿಲ್ಲ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಇಂಥ ಮಗುವೊಂದರ ವಿವರವನ್ನು 1937ರಷ್ಟು ಹಿಂದೆಯೇ ಬರೆದಿದ್ದರು. ಮನೆತನದ ಇತಿಹಾಸ ಕೇಳಿದರೆ ಸಾಕು, ಅರ್ಧ ಉತ್ತರ ಸಿಗುತ್ತದೆ: ಅಪ್ಪನಿಗಿದ್ದರೆ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಒಬ್ಬರಿಗೂ ಬರುವುದಿಲ್ಲ.

ಇವರು ದೊಡ್ಡವರಾದ ಮೇಲೆ ಬೆನ್ನಿನ ಡೆಕ್ಸಾ ತೆಗೆಸಿದರೆ ಅಂಕಿ ಮಾಮೂಲು ಇರುತ್ತದೆ, ಎಷ್ಟೋ ಸಲ ಮಾಮೂಲಿಗಿಂತ ಹೆಚ್ಚೇ ಇರುತ್ತದೆ. ಬೆನ್ನುಮೂಳೆಯ ಸುತ್ತಲಿನ ಅಸ್ಥಿರಜ್ಜುಗಳಲ್ಲಿ ಸುಣ್ಣ ಕಟ್ಟಿರುತ್ತದೆ, ಯಂತ್ರ ಅದನ್ನೂ ಮೂಳೆಯ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಅದೇ ಮನುಷ್ಯನ ಮುಂಗೈ ಮೂಳೆಯನ್ನು ಅಳೆದರೆ ಅಂಕಿ ಕಮ್ಮಿ. ಒಳಗಿನ ಕಥೆ ಏನೆಂದರೆ, ಕೊಲಾಜೆನ್ ಹಂದರ ಕಟ್ಟಲ್ಪಟ್ಟಿದೆ, ಅದಕ್ಕೆ ಖನಿಜ ಸರಿಯಾಗಿ ಕೂತಿಲ್ಲ. ತೊಡೆಮೂಳೆಯ ಎಕ್ಸ್-ರೇಯಲ್ಲಿ ಅಂಚಿನಿಂದ ಒಳಕ್ಕೆ ಅಡ್ಡವಾಗಿ ಒಂದು ಮಸುಕು ಗೆರೆ ಕಾಣುತ್ತದೆ. ಲೂಸರ್ ವಲಯ ಎನ್ನುತ್ತೇವೆ, ಪೂರ್ತಿ ಮುರಿಯದ ಆದರೆ ವಾಸಿಯೂ ಆಗದ ಬಿರುಕು ಅದು. ‘ಸಾಂದ್ರತೆ ಚೆನ್ನಾಗಿದೆಯಲ್ಲ, ನೋವು ನಿಮ್ಮ ಮನಸ್ಸಿನದು’ ಎನ್ನಿಸಿಕೊಂಡು ಮನೆಗೆ ಹೋದವರಲ್ಲಿ ಇಂಥ ಗೆರೆ ಇದ್ದವರುಂಟು.

ಹಾಗಾದರೆ ಇವರಲ್ಲಿ ಏನನ್ನು ಅಳೆಯಬೇಕು? ಮಕ್ಕಳಲ್ಲಾದರೆ ಉತ್ತರ ಅಗ್ಗದ್ದು. ಮಣಿಕಟ್ಟು ಮತ್ತು ಮಂಡಿಯ ಎಕ್ಸ್-ರೇ. ಬೆಳವಣಿಗೆಯ ತುದಿ ಎಷ್ಟು ಅಗಲವಾಗಿದೆ, ಎಷ್ಟು ಬಟ್ಟಲಿನಂತೆ ಗುಳಿ ಬಿದ್ದಿದೆ ಎಂದು ನೋಡಿ ಮಣಿಕಟ್ಟಿಗೆ 4, ಮಂಡಿಗೆ 6, ಒಟ್ಟು 10ರಲ್ಲಿ ಅಂಕ ಕೊಡುವ ಪದ್ಧತಿಯನ್ನು ವೈದ್ಯ ಟಾಮ್ ಥ್ಯಾಚರ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದರು. ಅದು ರೂಪುಗೊಂಡದ್ದು ನೈಜೀರಿಯಾದಲ್ಲಿ, ಕ್ಯಾಲ್ಸಿಯಂ ಕೊರತೆಯಿಂದ ಕಾಲು ಬಾಗಿದ ಮಕ್ಕಳನ್ನು ನೋಡಿಕೊಳ್ಳುತ್ತಾ. ಎಫ್‌ಜಿಎಫ್-23ನ್ನು ತಡೆಯುವ ಬುರೊಸುಮಾಬ್ ಎಂಬ ದುಬಾರಿ ಔಷಧವನ್ನು, 2018ರಲ್ಲಿ ಅನುಮತಿ ಪಡೆದದ್ದು, ಮಕ್ಕಳಲ್ಲಿ ಪರೀಕ್ಷಿಸಿದಾಗ ಅಳತೆಗೋಲಾಗಿ ಬಳಸಿದ್ದು ಇದನ್ನೇ. ಯಾವ ತಾಲೂಕು ಆಸ್ಪತ್ರೆಯ ಎಕ್ಸ್-ರೇಯಲ್ಲೂ ಮಾಡಬಹುದಾದ ಕೆಲಸ. ನನಗೆ ವೈಯಕ್ತಿಕವಾಗಿ ಬಹಳ ಇಷ್ಟವಾದ ಅಳತೆ ಇದು.

ದೊಡ್ಡವರಲ್ಲಿ ಕಟ್ಟಕಡೆಯ ಸಾಕ್ಷಿ ಮೂಳೆಯ ಬಯಾಪ್ಸಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಷ್ಟು ಜಾಣತನದ ಪರೀಕ್ಷೆ ವೈದ್ಯಕೀಯದಲ್ಲಿ ಕಮ್ಮಿ. ಟೆಟ್ರಾಸೈಕ್ಲಿನ್ ಎಂಬ ಹಳೆಯ ಆ್ಯಂಟಿಬಯಾಟಿಕ್ ಮೂಳೆಗೆ ಅಂಟಿಕೊಂಡು ಹೊಳೆಯುತ್ತದೆ ಎನ್ನುವುದು 1957ರಲ್ಲಿ ಗೊತ್ತಾಯಿತು. ಅದು ಅಂಟುವುದು ಆ ಹೊತ್ತಿನಲ್ಲಿ ಖನಿಜ ಕೂರುತ್ತಿರುವ ಜಾಗಕ್ಕೆ. ರೋಗಿಗೆ ಮೂರು ದಿನ ಮಾತ್ರೆ ಕೊಟ್ಟು, ಹತ್ತು-ಹನ್ನೆರಡು ದಿನ ಬಿಟ್ಟು, ಮತ್ತೆ ಮೂರು ದಿನ ಕೊಡುತ್ತಾರೆ. ಆಮೇಲೆ ಸೊಂಟದ ಮೂಳೆಯ ಅಂಚಿನಿಂದ, ಜಾಗ ಮರಗಟ್ಟಿಸಿ, ಪೆನ್ಸಿಲಿನಷ್ಟು ದಪ್ಪದ ತುಂಡು ತೆಗೆಯುತ್ತಾರೆ. ಅದರ ತೆಳು ಪದರವನ್ನು ನೇರಳಾತೀತ ಬೆಳಕಿನಲ್ಲಿಟ್ಟರೆ ಎರಡು ಹಳದಿ ಗೆರೆ ಹೊಳೆಯುತ್ತವೆ. ಮೊದಲ ಮಾತ್ರೆಯ ದಿನ ಮೂಳೆಯ ಅಂಚು ಎಲ್ಲಿತ್ತೋ ಅಲ್ಲೊಂದು, ಎರಡನೆಯ ಸಲ ಎಲ್ಲಿತ್ತೋ ಅಲ್ಲಿನ್ನೊಂದು. ನಡುವಿನ ಅಂತರವನ್ನು ದಿನಗಳಿಂದ ಭಾಗಿಸಿದರೆ ಮೂಳೆ ದಿನಕ್ಕೆ ಎಷ್ಟು ಬೆಳೆಯುತ್ತಿದೆ ಎನ್ನುವುದು ಸಿಕ್ಕಿತು. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧ ಮೈಕ್ರಾನಿನ ಆಸುಪಾಸು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ದೊಡ್ಡವರ ಮೂಳೆಗೆ ಖನಿಜ ಸರಿಯಾಗಿ ಕೂರದ ಆಸ್ಟಿಯೊಮಲೇಶಿಯಾದಲ್ಲಿ ಎರಡು ಗೆರೆ ಬಿಡಿಯಾಗಿ ಕಾಣುವುದೇ ಇಲ್ಲ, ಮಸಿ ಚೆಲ್ಲಿದಂತೆ ಒಂದಕ್ಕೊಂದು ಕಲೆತುಹೋಗಿರುತ್ತದೆ, ಇಲ್ಲವೇ ಗೆರೆಯೇ ಮೂಡಿರುವುದಿಲ್ಲ. ಅಮೆರಿಕದ ಡೆಟ್ರಾಯಿಟಿನ ವೈದ್ಯ ಹೆರಾಲ್ಡ್ ಫ್ರಾಸ್ಟ್ ಇದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು.

ಒಂದು ಎಚ್ಚರಿಕೆ. ಮಾಮೂಲಿ ಪೆಥಾಲಜಿ ಲ್ಯಾಬಿಗೆ ಮೂಳೆ ಕಳಿಸಿದರೆ, ಕತ್ತರಿಸಲು ಸುಲಭವಾಗಲೆಂದು ಮೊದಲು ಆಮ್ಲದಲ್ಲಿ ಹಾಕಿ ಖನಿಜವನ್ನು ಕರಗಿಸಿಬಿಡುತ್ತಾರೆ. ನಮಗೆ ಬೇಕಾದ ಸಾಕ್ಷಿಯೇ ತೊಳೆದುಹೋಗುತ್ತದೆ. ಖನಿಜ ಕರಗಿಸದೆ, ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ಕತ್ತರಿಸುವ ಲ್ಯಾಬ್ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಬೇಕು. ಹಲ್ಲಿಗೆ ಕಲೆ ಬೀಳುವ ಕಾರಣ ಎಂಟು ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಸಲ್ಲದು.

ಅಂಕಿಯನ್ನು ತಪ್ಪಾಗಿ ಓದಿದರೆ ಎಷ್ಟು ಅನಾಹುತ ಎನ್ನುವುದಕ್ಕೆ ಹೈಪೊಫಾಸ್ಫಟೇಸಿಯಾ ಸಾಕು. ಈ ಹೆಸರು ಕೊಟ್ಟವರು ಕೆನಡಾದ ಡಾಕ್ಟರ್ ರಾತ್‌ಬನ್, 1948ರಲ್ಲಿ. ಅಲ್ಕಲೈನ್ ಫಾಸ್ಫಟೇಸ್, ಅಂದರೆ ನಿಮ್ಮ ರಕ್ತ ಪರೀಕ್ಷೆಯ ಚೀಟಿಯಲ್ಲಿ ಎಎಲ್‌ಪಿ ಎಂದು ಬರೆದಿರುವ ಕಿಣ್ವ, ಇವರಲ್ಲಿ ಕಮ್ಮಿ. ಆ ಕಿಣ್ವದ ಕೆಲಸ ಪೈರೊಫಾಸ್ಫೇಟ್ ಎಂಬ ವಸ್ತುವನ್ನು ಒಡೆಯುವುದು. ಒಡೆಯದೆ ಉಳಿದ ಪೈರೊಫಾಸ್ಫೇಟ್ ಖನಿಜದ ಹರಳು ಬೆಳೆಯಲು ಬಿಡುವುದಿಲ್ಲ. ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ಹಾಲುಹಲ್ಲು ಬೇರುಸಮೇತ ಉದುರುತ್ತದೆ. ದೊಡ್ಡವರಲ್ಲಿ ಪಾದದ ಮೂಳೆ ಮುರಿದು ತಿಂಗಳುಗಟ್ಟಲೆ ಕೂಡಿಕೊಳ್ಳುವುದಿಲ್ಲ. ಡೆಕ್ಸಾ ತೆಗೆಸಿದಾಗ ಅಂಕಿ ಕಮ್ಮಿ ಬಂತು ಅನ್ನಿ, ಸವೆತ ಎಂದು ಬಿಸ್ಫಾಸ್ಫೊನೇಟ್ ಮಾತ್ರೆ ಬರೆದುಕೊಡುತ್ತಾರೆ. ಬಿಸ್ಫಾಸ್ಫೊನೇಟ್ ಎಂದರೆ ರಾಸಾಯನಿಕವಾಗಿ ಪೈರೊಫಾಸ್ಫೇಟಿನದೇ ಪ್ರತಿರೂಪ! ಯಾವುದು ಹೆಚ್ಚಾಗಿ ಕಾಯಿಲೆ ಬಂದಿದೆಯೋ ಅದರ ಅಣ್ಣನನ್ನು ಕರೆತಂದು ಕೂರಿಸಿದ ಹಾಗಾಯಿತು. ಈ ಕಾಯಿಲೆಗೆ ಕಿಣ್ವವನ್ನೇ ಕೊಡುವ ಆಸ್ಫೊಟೇಸ್ ಆಲ್ಫಾ 2015ರಿಂದ ಇದೆ. ಕಾಯಿಲೆ ಗುರುತಿಸಲು ಬೇಕಾದದ್ದು ದೊಡ್ಡ ಯಂತ್ರವಲ್ಲ, ಎಎಲ್‌ಪಿ ಸಾಲನ್ನು ಓದುವ ಕಣ್ಣು. ಲ್ಯಾಬಿನವರು ಎಎಲ್‌ಪಿ ಏರಿದರೆ ದಪ್ಪ ಅಕ್ಷರದಲ್ಲಿ ತೋರಿಸುತ್ತಾರೆ, ಇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಕ್ಕಳಲ್ಲಂತೂ ಮೂಳೆ ಬೆಳೆಯುತ್ತಿರುವುದರಿಂದ ಎಎಲ್‌ಪಿ ದೊಡ್ಡವರಿಗಿಂತ ಬಹಳ ಹೆಚ್ಚಿರಬೇಕು. ದೊಡ್ಡವರ ಮಿತಿಯನ್ನೇ ಪಕ್ಕದಲ್ಲಿ ಅಚ್ಚು ಹಾಕಿದರೆ, ಅಪಾಯದಷ್ಟು ಕಮ್ಮಿಯಿರುವ ಮಗುವಿನ ಅಂಕಿಯೂ ‘ನಾರ್ಮಲ್’ ಆಗಿ ಕಾಣುತ್ತದೆ.

ಗೋಶೆ ಕಾಯಿಲೆಯಲ್ಲಿ ಸಮಸ್ಯೆ ಶುರುವಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಒಂದು ಕಿಣ್ವ ಇಲ್ಲದ್ದರಿಂದ ಕೊಬ್ಬಿನ ಜಾತಿಯ ವಸ್ತುವೊಂದು ಕೋಶಗಳಲ್ಲಿ ತುಂಬಿಕೊಂಡು ಮಜ್ಜೆಯ ಜಾಗವನ್ನು ಆಕ್ರಮಿಸುತ್ತದೆ. ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಸತ್ತು ಕುಸಿಯಬಹುದು. ಡೆಕ್ಸಾಗೆ ಈ ಮುನ್ಸೂಚನೆ ಕಾಣುವುದಿಲ್ಲ, ಎಂಆರ್‌ಐಗೆ ಕಾಣುತ್ತದೆ. ವಯಸ್ಕರ ಆರೋಗ್ಯವಂತ ಮಜ್ಜೆಯಲ್ಲಿ ಕೊಬ್ಬಿನಂಶವಿರುವುದರಿಂದ ಬೆಳ್ಳಗೆ ಕಾಣಬೇಕಾದ ಜಾಗ ಇವರಲ್ಲಿ ಕಪ್ಪಾಗಿರುತ್ತದೆ. 1991ರಿಂದ ಕಿಣ್ವ ಚಿಕಿತ್ಸೆ ಇದೆ. ಈ ಕಾಯಿಲೆಯಲ್ಲಿ ಊದಿಕೊಂಡ ಗುಲ್ಮ (ಸ್ಪ್ಲೀನ್) ತಿಂಗಳುಗಳಲ್ಲಿ ಕುಗ್ಗುತ್ತದೆ, ಮೂಳೆ ಸುಧಾರಿಸಲು ವರ್ಷಗಳೇ ಬೇಕು. ಸಕ್ಕರೆ ಜಾತಿಯ ಉದ್ದ ಸರಪಳಿಗಳು ಕೋಶಗಳಲ್ಲಿ ತುಂಬಿಕೊಳ್ಳುವ, ಮಾರ್ಕಿಯೊನಂಥ ಮ್ಯೂಕೊಪಾಲಿಸ್ಯಾಕರಿಡೋಸಿಸ್‌ಗಳಲ್ಲಿ ಸೊಂಟದ ಕೀಲು ವಿಕಾರವಾಗಿ ಅಲ್ಲಿ ಸ್ಕ್ಯಾನ್ ಮಾಡಿ ಪ್ರಯೋಜನವಿಲ್ಲ, ಮಂಡಿಯ ಮೇಲಿನ ತೊಡೆಮೂಳೆಯ ಭಾಗವನ್ನು ಪಕ್ಕದಿಂದ ಅಳೆಯುತ್ತಾರೆ.

ಹೊಸ ಯಂತ್ರಗಳ ಬಗ್ಗೆ ಕೇಳುವವರಿದ್ದೀರಿ. ಮುಂಗೈ ಮತ್ತು ಮೊಣಕಾಲ ಕೆಳಗಿನ ಮೂಳೆಯನ್ನು ಬಹಳ ಸೂಕ್ಷ್ಮವಾಗಿ ಮೂರು ಆಯಾಮದಲ್ಲಿ ಚಿತ್ರಿಸುವ ಸಿಟಿ ಯಂತ್ರ ಬಂದಿದೆ. ಮೊದಲ ತಲೆಮಾರಿನದು 82 ಮೈಕ್ರಾನಿನ ಚುಕ್ಕಿಗಳಲ್ಲಿ ನೋಡುತ್ತಿತ್ತು, ಈಗಿನದು 61. ಪ್ರತಿ ಚುಕ್ಕಿಯನ್ನೂ ಒಂದು ಇಟ್ಟಿಗೆ ಎಂದು ಎಣಿಸಿ, ಕಂಪ್ಯೂಟರಿನಲ್ಲೇ ಮೂಳೆಯ ಮೇಲೆ ಭಾರ ಹೇರಿ, ಎಷ್ಟು ನ್ಯೂಟನ್ನಿಗೆ ಕುಸಿಯುತ್ತದೆ ಎಂದು ಲೆಕ್ಕ ಹಾಕಬಹುದು. ಬಲ ಎನ್ನುವ ಮಾತಿಗೆ ತೀರಾ ಹತ್ತಿರದ ಅಳತೆ ಇದು. ಆದರೆ ಒಂದು ಕೊಕ್ಕೆ ಇದೆ. ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಇಟ್ಟಿಗೆಯ ಗುಣ ಆರೋಗ್ಯವಂತರದ್ದೇ ಎಂದು ಹಿಡಿದಿರುತ್ತಾರೆ. ಎಕ್ಸ್‌ಎಲ್‌ಎಚ್‌ನಲ್ಲಿ ಕೆಟ್ಟಿರುವುದೇ ಇಟ್ಟಿಗೆ! ಮೊಣಕಾಲ ಕೆಳಗಿನ ಮೂಳೆಗೆ ಸೂಜಿಯಂಥ ಮೊನೆಯಿಂದ ಒಂದು ಸಣ್ಣ ಪೆಟ್ಟು ಕೊಟ್ಟು, ಎಷ್ಟು ಆಳಕ್ಕೆ ಇಳಿಯಿತು ಎಂದು ನೋಡುವ ವಿಧಾನವೂ ಇದೆ. ವಸ್ತುವಿನ ಗುಣವನ್ನೇ ನೇರ ಮುಟ್ಟುವ ಪ್ರಯತ್ನ ಅದು, ಇನ್ನೂ ಸಂಶೋಧನೆಯ ಹಂತದಲ್ಲಿದೆ. ಇವೆಲ್ಲದರ ಜೊತೆ ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆಯುತ್ತಾರೆ ಎನ್ನುವ ಪರೀಕ್ಷೆಯನ್ನು ಮರೆಯಬಾರದು. ಎಕ್ಸ್‌ಎಲ್‌ಎಚ್‌ಗೂ ಹೈಪೊಫಾಸ್ಫಟೇಸಿಯಾಕ್ಕೂ ಬಂದ ಹೊಸ ಔಷಧಗಳನ್ನು ಪರೀಕ್ಷಿಸುವಾಗ ಇದನ್ನೂ ಅಳೆದರು.

ಇನ್ನು ಸಭಿಕರ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: ಬಡಾವಣೆಯ ಶಿಬಿರದಲ್ಲಿ ಹಿಮ್ಮಡಿ ಇಟ್ಟು ಮೂಳೆ ಪರೀಕ್ಷೆ ಮಾಡಿ ‘ಮೂಳೆ ವೀಕ್’ ಅಂದರು, ನಂಬಬಹುದೇ? ಸರ್, ಅದು ಶಬ್ದತರಂಗದ ಯಂತ್ರ. ಕಿರಣವಿಲ್ಲ, ಹಾನಿಯಿಲ್ಲ. ಕಮ್ಮಿ ಬಂದರೆ ಡೆಕ್ಸಾ ಮಾಡಿಸಿ ನೋಡೋಣ ಎನ್ನುವಷ್ಟಕ್ಕೆ ಸಾಕು, ಅದನ್ನೇ ನಂಬಿ ಮಾತ್ರೆ ಶುರು ಮಾಡುವುದಕ್ಕೆ ಸಾಲದು. ಅಪರೂಪದ ಕಾಯಿಲೆಯ ಗುಮಾನಿ ಇದ್ದವರಿಗಂತೂ ಅದರಿಂದ ಉಪಯೋಗವಿಲ್ಲ.

ತಾಯಿಯೊಬ್ಬರು: ಒಂಬತ್ತು ವರ್ಷದ ಮಗನಿಗೆ ಝಡ್-ಸ್ಕೋರ್ ಮೈನಸ್ 2.3 ಬಂದಿದೆ, ಆಸ್ಟಿಯೊಪೊರೋಸಿಸ್ ಅಂತಲೇ? ಅಷ್ಟರಿಂದಲೇ ಹಾಗೆನ್ನಲಾಗದು, ಅಮ್ಮ. ಮಕ್ಕಳಲ್ಲಿ ಬರೀ ಸ್ಕ್ಯಾನಿನಿಂದ ಆ ಹೆಸರು ಹಚ್ಚಬಾರದು ಎನ್ನುವುದು ಅಂತರರಾಷ್ಟ್ರೀಯ ನಿಯಮ. ದೊಡ್ಡ ಪೆಟ್ಟಿಲ್ಲದೆ ಬೆನ್ನುಮೂಳೆ ಕುಸಿದಿರಬೇಕು, ಅಥವಾ ಮೈನಸ್ 2 ಅಥವಾ ಅದಕ್ಕಿಂತ ಕೆಳಗಿನ ಅಂಕಿಯ ಜೊತೆಗೆ ಹತ್ತು ವರ್ಷದೊಳಗೆ ಕೈಕಾಲಿನ ಉದ್ದ ಮೂಳೆ ಎರಡು ಸಲವಾದರೂ ಮುರಿದಿರಬೇಕು. ನಿಮ್ಮ ಮಗನ ಎತ್ತರ ಎಷ್ಟು, ಅಂಕಿಯನ್ನು ಅದಕ್ಕೆ ಸರಿದೂಗಿಸಿದ್ದಾರೆಯೇ ಎಂದು ಮೊದಲು ಕೇಳಿ.

ಕೊನೆಯದಾಗಿ, ಎಲ್ಲಿಗೆ ಹೋಗಬೇಕು, ಖರ್ಚು ಹೇಗೆ ಎಂದು ಒಬ್ಬರು ಚೀಟಿ ಕಳಿಸಿದ್ದರು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆಯಾಗಿ ಒಂದು. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಇಂಥ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ 2022ರಿಂದ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಗೋಶೆ ಆ ಪಟ್ಟಿಯಲ್ಲಿದೆ. ಜೀವನಪೂರ್ತಿ ಬೇಕಾಗುವ ಔಷಧಕ್ಕೆ ಅದು ಎಷ್ಟು ವರ್ಷ ಸಾಕಾದೀತು ಎನ್ನುವುದು ಬೇರೆ ಮಾತು, ಅದರ ಬಗ್ಗೆ ಕುಟುಂಬಗಳು ಕೋರ್ಟು ಹತ್ತಿದ್ದೂ ಇದೆ. ಹೋಗುವಾಗ ಹಳೆಯ ಎಕ್ಸ್-ರೇ ಫಿಲ್ಮುಗಳನ್ನು, ವಿಟಮಿನ್ ಡಿ ಇಂಜೆಕ್ಷನ್ ಯಾವಾಗ ಎಷ್ಟು ಹಾಕಿಸಿದಿರಿ ಎನ್ನುವ ಚೀಟಿಗಳನ್ನು, ಮತ್ತು ಯಾವ ಮಾತ್ರೆಯೂ ಶುರುವಾಗುವ ಮುಂಚಿನ ಫಾಸ್ಫೇಟ್, ಎಎಲ್‌ಪಿ ರಿಪೋರ್ಟುಗಳನ್ನು ಜೊತೆಗೆ ತೆಗೆದುಕೊಂಡು ಹೋಗಿ. ಮಾತ್ರೆ ಶುರುವಾದ ಮೇಲೆ ಆ ಅಂಕಿಗಳು ಬದಲಾಗುತ್ತವೆ.